ಹೊರಟ ಹುಡುಗನ ಋಣ

ರಷ್ಯಾದಲ್ಲಿ ಐಸ್ ಹಾಕಿ ಆಡುವ ಮಗನಿರುವ ಮನೆಗಳಲ್ಲಿ, ಹುಡುಗನಿಗೆ ಹದಿನಾರು ತುಂಬುವ ಹೊತ್ತಿಗೆ ಒಂದು ಪ್ರಶ್ನೆ ಬಂದು ಕೂರುತ್ತದೆ. ಇಲ್ಲೇ ಇರಬೇಕೋ, ಹೊರಗೆ ಹೋಗಬೇಕೋ? ಇದ್ದರೆ ಎಂಎಚ್‌ಎಲ್ ಎಂಬ ಕಿರಿಯರ ಲೀಗು, ಅಲ್ಲಿ ಮೇಲೆ ಬಂದರೆ ಹಿರಿಯರ ಲೀಗಾದ ಕೆಎಚ್‌ಎಲ್. ಹೋದರೆ ಕೆನಡಾದ ಜೂನಿಯರ್ ಲೀಗು, ಒಂದು ಸೀಸನ್ನಿಗೆ 68 ಪಂದ್ಯ, ಗುರುತಿಲ್ಲದ ಒಂದು ಕುಟುಂಬದ ಮನೆಯಲ್ಲಿ ವಾಸ, ಕಿವಿಗೆ ಬೀಳುವುದೆಲ್ಲ ತಿಳಿಯದ ಮಾತು. ಎರಡೂ ದಾರಿಯ ಕೊನೆಗೆ ಉತ್ತರ ಅಮೆರಿಕದ ದೊಡ್ಡ ಲೀಗಾದ ಎನ್‌ಎಚ್‌ಎಲ್ ಕನಸು. ತಂದೆತಾಯಿ, ಕೋಚು, ಏಜೆಂಟು, ಎಲ್ಲರ ಬಾಯಲ್ಲೂ ಒಂದೇ ಮಾತು: ಹುಡುಗ ಎಲ್ಲಿ ಚೆನ್ನಾಗಿ ಬೆಳೆಯುತ್ತಾನೆ?

ನಾನು ಎರಡೂ ಕಡೆ ಬದುಕಿದವಳು. 1985ರಲ್ಲಿ ಶಿವಮೊಗ್ಗದಿಂದ ಮಾಸ್ಕೋಗೆ ಹೋಗಿ, ಪ್ಯಾಟ್ರಿಸ್ ಲುಮುಂಬಾ ಹೆಸರಿನ ವಿಶ್ವವಿದ್ಯಾಲಯದಲ್ಲಿ ಸೋವಿಯತ್ ಸರ್ಕಾರದ ಖರ್ಚಿನಲ್ಲಿ ಓದಿದೆ. ಈಗ ಇರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಊರಿನಲ್ಲಿ. ಊರಿನ ಹೆಸರು ಬರೆದರೆ ಮುಂದೆ ಬರುವ ಹುಡುಗ ಯಾರೆಂದು ತಿಳಿದುಬಿಡುತ್ತದೆ, ಅದಕ್ಕೆ ಬರೆಯುವುದಿಲ್ಲ. ಈ ಪ್ರಶ್ನೆಯನ್ನು ಬರೀ ಆಟದ ಪ್ರಶ್ನೆ ಎಂದು ನೋಡಲು ನನ್ನಿಂದ ಆಗುವುದಿಲ್ಲ. ಒಬ್ಬನ ಕೈಯಲ್ಲಿರುವ ವಿದ್ಯೆ ಯಾರ ಸೊತ್ತು, ಕಲಿಸಿದವರಿಗೆ ಅವನು ಕೊಡಬೇಕಾದ್ದು ಏನು, ಎಷ್ಟು ಕೊಟ್ಟರೆ ತೀರಿತು ಎಂಬುದು ಧರ್ಮದ ಪ್ರಶ್ನೆ.

ಲೆಕ್ಕದ ಮಾತನ್ನು ಮೊದಲು ಮುಗಿಸುತ್ತೇನೆ. ಕಿರಿಲ್ ಕಪ್ರೀಜೊವ್ ದೇಶದಲ್ಲೇ ಉಳಿದವನು. ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 2015ರಲ್ಲಿ, ಐದನೇ ಸುತ್ತಿನಲ್ಲಿ, 135ನೆಯವನಾಗಿ ಆಯ್ಕೆಯಾದರೂ 2020ರವರೆಗೆ ರಷ್ಯಾದಲ್ಲೇ ಆಡಿದ. 2018ರ ಒಲಿಂಪಿಕ್ಸ್ ಫೈನಲ್ಲಿನ ಹೆಚ್ಚುವರಿ ಅವಧಿಯಲ್ಲಿ ಚಿನ್ನದ ಗೋಲು ಹೊಡೆದವನು ಅವನೇ. ಅಮೆರಿಕಕ್ಕೆ ಬಂದ ಮೊದಲ ವರ್ಷವೇ ಅತ್ಯುತ್ತಮ ಹೊಸಬನ ಪ್ರಶಸ್ತಿ ಗೆದ್ದ. ಅಜ್ಜ ಅಜ್ಜಿಯ ಮಡಿಲಲ್ಲಿ ಬೆಳೆದ ಅರ್ತೆಮಿ ಪನಾರಿನ್‌ನನ್ನು ಡ್ರಾಫ್ಟಿನಲ್ಲಿ ಯಾರೂ ಕೇಳಲೇ ಇಲ್ಲ. 2015ರವರೆಗೆ ರಷ್ಯಾದಲ್ಲಿ ಆಡಿ ಬಂದ ಅವನೂ ಅದೇ ಪ್ರಶಸ್ತಿ ಗೆದ್ದ. ಇನ್ನೊಂದು ಕಡೆ, ಬರ್ನವುಲ್‌ನ ಅಂದ್ರೇಯ್ ಸ್ವೆಚ್ನಿಕೊವ್ ಹದಿಹರೆಯದಲ್ಲೇ ಅಮೆರಿಕಕ್ಕೆ ಬಂದು, ಆಮೇಲೆ ಒಂಟಾರಿಯೊದ ಬ್ಯಾರಿಯಲ್ಲಿ ಆಡಿ, 2018ರಲ್ಲಿ ಎರಡನೆಯವನಾಗಿ ಆಯ್ಕೆಯಾದ. ಯಾರೊಸ್ಲಾವ್ಲ್‌ನ ಇವಾನ್ ಪ್ರೊವೊರೊವ್ ಅದಕ್ಕಿಂತ ಚಿಕ್ಕವನಿದ್ದಾಗಲೇ ಪೆನ್ಸಿಲ್ವೇನಿಯಕ್ಕೆ ಬಂದ. ಒಂಟಾರಿಯೊದ ಸಾರ್ನಿಯಾದಲ್ಲಿ ಆಡಿ 2012ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ನಯಿಲ್ ಯಾಕುಪೊವ್ ಮಾತ್ರ ಕೆಲವೇ ವರ್ಷಗಳಲ್ಲಿ ರಷ್ಯಾಕ್ಕೆ ಮರಳಿದ. ಹೀಗೆ ಎಷ್ಟು ಹೆಸರು ಜೋಡಿಸಿದರೂ ತಕ್ಕಡಿ ಒಂದು ಕಡೆಗೆ ನಿಲ್ಲುವುದಿಲ್ಲ. ಎರಡೂ ಕಡೆ ಕಳೆದುಹೋದ ನೂರಾರು ಹುಡುಗರ ಹೆಸರು ಈ ಪಟ್ಟಿಗೆ ಸೇರುವುದೂ ಇಲ್ಲ. ಒಬ್ಬನೇ ಹುಡುಗನನ್ನು ಎರಡು ಸಲ ಬೆಳೆಸಿ ನೋಡಲು ಯಾರಿಗೂ ಸಾಧ್ಯವಿಲ್ಲ.

ನಮ್ಮ ಬೀದಿಯ ಒಂದು ಮನೆಯವರು ಊರಿನ ಹಾಕಿ ತಂಡದ ಹುಡುಗರನ್ನು ಇಟ್ಟುಕೊಳ್ಳುತ್ತಾರೆ. ಒಂದು ವರ್ಷ ಅವರಲ್ಲಿಗೆ ಯುರಾಲ್ ಬೆಟ್ಟಗಳ ಆಚೆಯ ಊರಿನಿಂದ ಹದಿನೇಳರ ಹುಡುಗನೊಬ್ಬ ಬಂದ. ನನಗೆ ರಷ್ಯನ್ ಬರುತ್ತದೆಂದು ತಿಳಿದು ಮನೆಯಾಕೆ ಕರೆದರು. ಹೋದಾಗ ಹುಡುಗ ಅಡುಗೆಮನೆಯ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು, ಶಾಲೆಯಲ್ಲಿ ಕೂತ ಹಾಗೆ ಕೂತಿದ್ದ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಅಭ್ಯಾಸ, ಪಂದ್ಯ, ಬಸ್ಸು ಹೊರಡುವ ಹೊತ್ತು, ದಂತವೈದ್ಯರ ಭೇಟಿ, ಎಲ್ಲವನ್ನೂ ಆಕೆ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದಿದ್ದರು. ಅವನಿಗಾಗಿ ಪೋಲಿಷ್ ಅಂಗಡಿಗೆ ಹೋಗಿ ಗ್ರೆಚ್ಕಾ ಎಂಬ ಧಾನ್ಯ ತಂದು ಬೇಯಿಸಿಟ್ಟಿದ್ದರು. ನೀರು ಹೆಚ್ಚಾಗಿ ಅದು ಗಂಜಿಯಾಗಿತ್ತು. ಅವನು ಒಂದು ಕಾಳೂ ಬಿಡದೆ ತಿಂದ. ನನ್ನನ್ನು "ತ್ಯೋತ್ಯಾ" ಎಂದ. ಅಲ್ಲಿ ಹುಡುಗರು ತಾಯಿಯ ವಯಸ್ಸಿನವರನ್ನು ಕರೆಯುವುದೇ ಹಾಗೆ.

"ನಮ್ಮೂರಲ್ಲಿ ಕೋಚ್ ಬೈತಿದ್ದರು ತ್ಯೋತ್ಯಾ, ಏನು ತಪ್ಪಾಯ್ತು ಅಂತ ಆಗಲೇ ಗೊತ್ತಾಗ್ತಿತ್ತು. ಇಲ್ಲಿ ಎಲ್ಲರೂ ಚೆನ್ನಾಗಿ ಆಡ್ದೆ ಅಂತಾರೆ. ಮಾರನೇ ದಿನ ಬೆಂಚಿನ ಮೇಲೆ ಕೂರಿಸ್ತಾರೆ. ಯಾಕೆ ಅಂತ ಯಾರೂ ಹೇಳಲ್ಲ."

ಆಮೇಲೆ ಎರಡು ಚಮಚ, ಒಂದು ಉಪ್ಪಿನ ಡಬ್ಬಿ ಇಟ್ಟುಕೊಂಡು ಮೇಜಿನ ಮೇಲೆ ತೋರಿಸಿದ. ಅವನು ಕಲಿತ ರಿಂಕು 30 ಮೀಟರ್ ಅಗಲ, ಇಲ್ಲಿಯದು ಸುಮಾರು 26. ಅವನ ಊರಿನ ಶಾಲೆಯಲ್ಲಿ ಪಕ್ಕನ್ನು, ಅಂದರೆ ಆಟದ ರಬ್ಬರ್ ಬಿಲ್ಲೆಯನ್ನು, ಸುಮ್ಮನೆ ಬಿಟ್ಟುಕೊಡಬಾರದು. ದಾರಿ ಕಾಣದಿದ್ದರೆ ತಿರುಗಿ ಹಿಂದಕ್ಕೆ ಹೋಗಬೇಕು, ಜೊತೆಗಾರರು ಬಂದು ಸೇರುವವರೆಗೆ ಕಾಯಬೇಕು. ಇಲ್ಲಿ ಆ ಕಾಯುವ ಅರ್ಧ ಸೆಕೆಂಡಿನಲ್ಲಿ ಎದುರಾಳಿಯ ಭುಜ ಬಂದು ಅಪ್ಪಳಿಸಿರುತ್ತದೆ. ಪಕ್ಕನ್ನು ಎದುರಾಳಿಯ ಮೂಲೆಗೆ ಹೊಡೆದು ಹಿಂದೆ ಓಡು ಎನ್ನುತ್ತಾರೆ. ಫೆಬ್ರವರಿಯ ಹೊತ್ತಿಗೆ ಅವನು ಅದನ್ನು ಕಲಿತ. ಮೈ ಗಟ್ಟಿಯಾಯಿತು, ಗೋಲುಗಳೂ ಬಂದವು. ಆದರೆ ಬೆನ್ನ ಹಿಂದೆ ಯಾರಿದ್ದಾರೆಂದು ನೋಡದೆಯೇ ತಿಳಿದು, ಪಕ್ಕನ್ನು ಹಿಂದಕ್ಕೆ ಬಿಡುತ್ತಿದ್ದ ಪಾಸ್ ಅವನ ಆಟದಿಂದ ಕಾಣೆಯಾಗಿತ್ತು. ನನಗೆ ಅದು ಕಂಡಿರಲಿಲ್ಲ. ಅವನೇ ಹೇಳಿದ. ಬೆಳೆದನೇ ಎಂದು ಕೇಳಿದರೆ ಹೌದು, ಕಳೆದುಕೊಂಡನೇ ಎಂದರೂ ಹೌದು. ಎರಡನ್ನೂ ಕೂಡಿಸಿ ಒಂದು ಅಂಕೆ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಒಂದು ದಿನ ಅವನ ತಾಯಿ ಫೋನಿನಲ್ಲಿ ಸಿಕ್ಕರು. ಮಗ ಸೊರಗಿದ್ದಾನಾ ಎಂದು ಮೊದಲು ಕೇಳಿದರು. ಆಮೇಲೆ ದನಿ ತಗ್ಗಿಸಿ, ಏಳು ವರ್ಷ ಅವನನ್ನು ತಿದ್ದಿದ ಕೋಚು ಈಗ ತಮ್ಮ ಜೊತೆ ಮಾತು ಬಿಟ್ಟಿದ್ದಾರೆ ಎಂದರು. ಊರಿಗೆ ಕೊಡಬೇಕಾದ್ದನ್ನು ಕೊಡದೆ ಹೋದ ಎಂದು ಅವರ ಆರೋಪ. "ಅವನು ನಿಜಕ್ಕೂ ಸಾಲಗಾರನೇ?" ಎಂದು ಕೇಳಿದರು.

ಆ ಕೋಚಿನ ನೋವನ್ನು ತಳ್ಳಿಹಾಕಲು ನನ್ನಿಂದಾಗದು. ಆ ಋಣ ಎಲ್ಲಿ ಹುಟ್ಟುತ್ತದೆಂದು ನಾನು ಕಣ್ಣಾರೆ ನೋಡಿದ್ದೇನೆ. ಮಾಸ್ಕೋದ ನಮ್ಮ ಹಾಸ್ಟೆಲಿನ ಹತ್ತಿರದ ಅಪಾರ್ಟ್‌ಮೆಂಟುಗಳ ನಡುವಿನ ಅಂಗಳದಲ್ಲಿ ಹಲಗೆ ಹೊಡೆದು ಕಟ್ಟಿದ ಒಂದು ಚೌಕವಿತ್ತು. ಅಲ್ಲಿಯವರು ಅದನ್ನು ಕರೋಬ್ಕಾ ಎನ್ನುತ್ತಾರೆ. ಚಳಿ ಶುರುವಾದ ಮೇಲೆ ಅಂಗಳ ಗುಡಿಸುವ ಮುದುಕ ರಾತ್ರಿ ಪೈಪು ಎಳೆದು ತಂದು ನೀರು ಬಿಡುತ್ತಿದ್ದ. ಒಂದು ಪದರ ಹೆಪ್ಪುಗಟ್ಟಿದ ಮೇಲೆ ಇನ್ನೊಂದು. ಕೈಗವಸು ಒದ್ದೆಯಾಗಿ ಗಟ್ಟಿಯಾದರೂ ಅವನು ನಿಲ್ಲಿಸುತ್ತಿರಲಿಲ್ಲ. ಬೆಳಗ್ಗೆ ಶಾಲೆಗೆ ಮುಂಚೆಯೇ ಹಲಗೆಗೆ ಪಕ್ ಬಡಿಯುವ ಸದ್ದು ನಮ್ಮ ಕಿಟಕಿಗೆ ಕೇಳುತ್ತಿತ್ತು. ಇಂಥ ಅಂಗಳಗಳ ತಂಡಗಳಿಗೆಂದೇ ಅನತೋಲಿ ತರಾಸೊವ್ 1964ರಲ್ಲಿ "ಚಿನ್ನದ ಪಕ್" ಎಂಬ ಪಂದ್ಯಾವಳಿ ಶುರುಮಾಡಿದ್ದರು. ಸೋವಿಯತ್ ಹಾಕಿಗೆ ಅವರೇ ತಂದೆ ಎಂದು ಹೇಳುತ್ತಾರೆ. ಅಲ್ಲಿ 1946ರಲ್ಲಿ ಆಟ ಶುರುವಾಯಿತು, ಸೋವಿಯತ್ ತಂಡ 1954ರ ವಿಶ್ವಚಾಂಪಿಯನ್‌ಷಿಪ್ಪಿನಲ್ಲಿ ಕೆನಡಾವನ್ನು 7–2ರಿಂದ ಸೋಲಿಸಿತು. ತರಾಸೊವ್ ಕೆನಡಾವನ್ನು ನಕಲು ಮಾಡಲಿಲ್ಲ. ಪಾಸಿನ ಮೇಲೆ, ಐವರೂ ಒಟ್ಟಿಗೆ ಚಲಿಸುವ ಕ್ರಮದ ಮೇಲೆ ಬೇರೆಯದೇ ಆಟ ಕಟ್ಟಿದರು. ಮನೆಯಲ್ಲೇ ಇದ್ದು ಬೆಳೆಯಬೇಕು ಎನ್ನುವವರ ಕೈಯಲ್ಲಿರುವ ಅತ್ಯಂತ ಬಲವಾದ ವಾದ ಇದು, ನನಗೂ ಅದರ ಮೇಲೆ ಗೌರವವಿದೆ.

ಆದರೆ ಅದೇ ಮನೆ ಬೀಗ ಹಾಕಿದ್ದೂ ಉಂಟು. ಸೇನೆಯ ತಂಡವಾದ ಸಿಎಸ್‌ಕೆಎಯಲ್ಲಿ ಕೋಚ್ ವಿಕ್ಟರ್ ತೀಹನೊವ್ ಆಟಗಾರರನ್ನು ವರ್ಷದ ಬಹುಪಾಲು ಹೆಂಡತಿ ಮಕ್ಕಳಿಂದ ದೂರ, ಶಿಬಿರದಲ್ಲೇ ಇಡುತ್ತಿದ್ದರು. 1988ರ ಅಕ್ಟೋಬರಿನಲ್ಲಿ ಅದೇ ತಂಡದ ಆಟಗಾರ ಈಗೊರ್ ಲರಿಯೊನೊವ್ "ಅಗೊನ್ಯೋಕ್" ವಾರಪತ್ರಿಕೆಯಲ್ಲಿ ಅವರಿಗೆ ಬಹಿರಂಗ ಪತ್ರ ಬರೆದ. ಹಾಸ್ಟೆಲಿನಲ್ಲಿ ಆ ಸಂಚಿಕೆ ಕೈಯಿಂದ ಕೈಗೆ ಹೋಗಿ ಹಾಳೆಗಳೇ ಬಿಟ್ಟುಬಂದಿದ್ದವು. ಮರುವರ್ಷ ಅದೇ ತಂಡದ, ಇಪ್ಪತ್ತರ ಹರೆಯದ ಅಲೆಕ್ಸಾಂದರ್ ಮಗೀಲ್ನಿ ಸ್ಟಾಕ್‌ಹೋಮಿನಿಂದ ಹಾಗೇ ಅಮೆರಿಕಕ್ಕೆ ಹೊರಟುಹೋದ. ದೊಡ್ಡ ಹೋರಾಟದ ನಂತರ ವ್ಯಾಚೆಸ್ಲಾವ್ ಫೆತಿಸೊವ್, ಲರಿಯೊನೊವ್ ಕೂಡ ಹೊರಟರು. ಅವರ ವಿರುದ್ಧ ಎದ್ದ ಮಾತು ಋಣದ ಮಾತೇ: ನಿನ್ನನ್ನು ಮಾಡಿದ್ದು ದೇಶ, ನೀನು ದೇಶದವನು.

ಋಣದ ವಿಚಾರದಲ್ಲಿ ನಮ್ಮ ಹಿರಿಯರು ಬಹಳ ಯೋಚಿಸಿದ್ದಾರೆ. ಮನುಷ್ಯ ಮೂರು ಋಣ ಹೊತ್ತು ಹುಟ್ಟುತ್ತಾನೆ ಎಂಬ ಮಾತು ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ದೇವಋಣ, ಋಷಿಋಣ, ಪಿತೃಋಣ. ಕಲಿಸಿದವರ ಋಣ ಋಷಿಋಣ. ಅದು ತೀರುವುದು ಹೇಗೆ? ಗುರುವಿನ ಮನೆಯಲ್ಲೇ ಉಳಿದು ಎಂದು ಯಾರೂ ಹೇಳಿಲ್ಲ. ಕಲಿತು, ಕಲಿತದ್ದನ್ನು ಮರೆಯದೆ, ಮುಂದಿನವರಿಗೆ ದಾಟಿಸಿ ತೀರಿಸಬೇಕು. ವಿದ್ಯೆ ಮುಗಿದ ಮೇಲೆ ಸಮಾವರ್ತನೆ ಎಂಬ ಸಂಸ್ಕಾರವಿದೆ. ಶಿಷ್ಯ ಸ್ನಾನ ಮಾಡಿ, ದಕ್ಷಿಣೆ ಕೊಟ್ಟು, ಗುರುವಿನ ಅಪ್ಪಣೆ ಪಡೆದು ಹೊರಡುತ್ತಾನೆ. ಶಿಷ್ಯ ಹೊರಡುವುದನ್ನು ವಿಧಿಯಾಗಿಯೇ ಇಟ್ಟವರು, ಹೊರಡುವುದು ದ್ರೋಹವೆಂದು ಭಾವಿಸಿರಲಾರರು. ಅಪ್ಪಣೆ ಬೇಕು, ನಿಜ. ಶಿಷ್ಯ ಹೇಳದೆ ಹೋಗಬಾರದು. ಅಷ್ಟೇ ನಿಜ, ಗುರು ಅಪ್ಪಣೆಯನ್ನು ಸರಪಳಿ ಮಾಡಬಾರದು.

ಪರಧರ್ಮಕ್ಕಿಂತ ಸ್ವಧರ್ಮ ಮೇಲು ಎಂಬ ಗೀತೆಯ ಮಾತನ್ನು ಊರು ಬಿಡಬೇಡ ಎಂಬುದಕ್ಕೆ ಬಳಸುವವರನ್ನು ಇಲ್ಲಿನ ಕನ್ನಡ ಕೂಟದಲ್ಲೂ ಕೇಳಿದ್ದೇನೆ. ಅರ್ಜುನ ಬಿಟ್ಟುಹೋಗಲು ಹೊರಟಿದ್ದು ತನ್ನ ಕೆಲಸವನ್ನು. ಊರಿನ ಮಾತೇ ಅಲ್ಲಿ ಎದ್ದಿರಲಿಲ್ಲ. ಉಪದೇಶ ಮಾಡಿದ ಕೃಷ್ಣನೇ ಮಥುರೆ ಬಿಟ್ಟು ದ್ವಾರಕೆಗೆ ಹೋಗಿ ನೆಲೆಸಿದವನು. ಆ ಹುಡುಗನ ಸ್ವಧರ್ಮ ಐಸಿನ ಮೇಲೆ ಆಡುವುದಾದರೆ, ಅದು ಯುರಾಲಿನ ಆಚೆಯೂ ಇದೆ, ಒಂಟಾರಿಯೊದಲ್ಲೂ ಇದೆ.

ಹೊರಟವರು ಋಣ ತೀರಿಸಿದ್ದನ್ನೂ ಕಂಡಿದ್ದೇವೆ. 1995ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ತಂಡದ ಕೋಚ್ ಸ್ಕಾಟಿ ಬೋಮನ್ ಐವರು ರಷ್ಯನ್ನರನ್ನು ಒಟ್ಟಿಗೆ ಐಸಿಗಿಳಿಸಿದರು. ಫೆತಿಸೊವ್, ಲರಿಯೊನೊವ್, ಫ್ಯೊದೊರೊವ್, ಕನ್‌ಸ್ತಂತೀನೊವ್, ಕಜ್ಲೊವ್. ಐವರೂ ಒಂದಲ್ಲ ಒಂದು ಕಾಲಕ್ಕೆ ಸಿಎಸ್‌ಕೆಎ ಅಂಗಿ ತೊಟ್ಟವರು. ತರಾಸೊವರ ಆಟ ಅಮೆರಿಕದ ಐಸಿನ ಮೇಲೆ ಕಂಡಿತು. 1997ರಲ್ಲಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದು, ಅದನ್ನು ಮಾಸ್ಕೋಗೆ ಹೊತ್ತೊಯ್ದರು. ಆ ಅಂಗಳದ ಮುದುಕನ ಋಣ ಅಷ್ಟರ ಮಟ್ಟಿಗೆ ತೀರಿತು ಎಂದೇ ನಾನು ನಂಬಿದ್ದೇನೆ. ಋಣ ಕೇಳುತ್ತಿದ್ದ ಸೋವಿಯತ್ ದೇಶವೇ 1991ರಲ್ಲಿ ಇಲ್ಲವಾಗಿತ್ತು. ನನ್ನ ಓದಿನ ಖರ್ಚು ಕೊಟ್ಟದ್ದೂ ಅದೇ ದೇಶ. ಅದು ಮಾಯವಾದ ಮೇಲೂ ನನ್ನ ಋಣ ಮಾಯವಾಗಲಿಲ್ಲ, ಏಕೆಂದರೆ ಅದು ಆಳುವವರ ಬಳಿ ಎಂದೂ ಇರಲಿಲ್ಲ. ಒಗ್ಗದ ಚಳಿಯಲ್ಲಿ ನನಗೆ ತಾಳ್ಮೆಯಿಂದ ಅಕ್ಷರ ತಿದ್ದಿಸಿದ ಒಬ್ಬ ಮೇಡಂ ಬಳಿ ಇತ್ತು. ಆ ಹುಡುಗನ ಅಡುಗೆಮನೆಗೆ ನಾನು ಹೋದದ್ದು ಅದರ ಒಂದು ಪಾಲು.

ಹೊರಗೆ ಹೋಗುವುದೇ ಮೋಕ್ಷ ಎನ್ನುವವರ ಮಾತೂ ನನಗೆ ಸರಿಕಾಣದು. ಕೆನಡಾದ ಲೀಗುಗಳಲ್ಲಿ ಹದಿಹರೆಯದ ಹುಡುಗರನ್ನು ಸೀಸನ್ನಿನ ನಡುವೆಯೇ ಒಂದು ತಂಡದಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಆಮೇಲೆ ಎನ್‌ಎಚ್‌ಎಲ್‌ನ ಅತ್ಯುನ್ನತ ಪ್ರಶಸ್ತಿ ಗೆದ್ದ ನಿಕೀತಾ ಕುಚೆರೊವ್‌ನನ್ನೂ 2012ರಲ್ಲಿ ಕ್ವಿಬೆಕ್ ನಗರದಿಂದ ರುವಾಂ-ನೊರಾಂಡಾಗೆ ಹಾಗೇ ಕಳಿಸಿದರು. ಕೂಡಿಸಿ ಕಳೆದು ಹುಡುಗನಿಗೆ ಬೆಲೆ ಕಟ್ಟುವುದು ಇಲ್ಲೂ ಇದೆ. ಮನೆಯೇ ಕ್ಷೇಮ ಎನ್ನುವವರಿಗೆ ಅಲೆಕ್ಸೇಯ್ ಚೆರೆಪಾನೊವ್‌ನನ್ನು ನೆನಪಿಸಬೇಕು. ನ್ಯೂಯಾರ್ಕಿನವರು 2007ರಲ್ಲಿ ಆರಿಸಿದ್ದರೂ ಅವನು ಓಮ್‌ಸ್ಕ್ ತಂಡದಲ್ಲೇ ಉಳಿದಿದ್ದ. 2008ರ ಅಕ್ಟೋಬರ್ 13ರಂದು ಚೆಹೊವ್ ಊರಿನ ಪಂದ್ಯದಲ್ಲಿ ಬೆಂಚಿನ ಮೇಲೆ ಕುಸಿದು ತೀರಿಕೊಂಡಾಗ ಅವನಿಗೆ ಹತ್ತೊಂಬತ್ತು. ಇವಾನ್ ಫೆದೊತೊವ್ ಎಂಬ ಗೋಲಿ 2022ರಲ್ಲಿ ಫಿಲಡೆಲ್ಫಿಯಾ ತಂಡದ ಜೊತೆ ಸಹಿ ಹಾಕಿದ ಕೆಲವೇ ವಾರಗಳಲ್ಲಿ ಪೀಟರ್ಸ್‌ಬರ್ಗಿನಲ್ಲಿ ಅವನನ್ನು ಹಿಡಿದು, ಕಡ್ಡಾಯ ಸೇನಾ ಸೇವೆಗೆಂದು ಉತ್ತರದ ತುದಿಗೆ ಕಳಿಸಿದರು. ಅದೇ ವರ್ಷ, ಉಕ್ರೇನ್ ಯುದ್ಧ ಶುರುವಾದ ಮೇಲೆ, ಕೆನಡಾದ ಜೂನಿಯರ್ ಲೀಗುಗಳು ವಿದೇಶಿ ಆಟಗಾರರ ಡ್ರಾಫ್ಟಿನಿಂದ ರಷ್ಯಾದ ಹುಡುಗರನ್ನು ಹೊರಗಿಟ್ಟವು. ಒಳಗಿಂದ ಒಬ್ಬರು ಬಾಗಿಲು ಹಾಕಿದರು, ಹೊರಗಿಂದ ಇನ್ನೊಬ್ಬರು. ಯುದ್ಧ ಶುರುಮಾಡದ ಹದಿನೇಳರ ಹುಡುಗನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ತಾಯಿಗೆ ನಾನು ಹೇಳಿದ್ದು ಇಷ್ಟು. ಸಾಲವಿದೆ, ಅದು ಆ ಕೋಚಿಗೆ ಸೇರಿದ್ದು. ಮಗನಿಂದಲೇ ಅವರಿಗೆ ಫೋನು ಮಾಡಿಸಿ, ಕಾಣೆಯಾದ ಆ ಪಾಸಿನ ಬಗ್ಗೆ ಕೇಳಿಸಿ. ಹುಡುಗ ಮಾಡಿದ. ಕೋಚು ಮೊದಲು ಬೈದರಂತೆ, ಆಮೇಲೆ ಒಂದು ಗಂಟೆ ಮಾತಾಡಿದರಂತೆ. ಸೀಸನ್ ಮುಗಿದ ಮೇಲೆ ಹುಡುಗ ಊರಿಗೆ ಮರಳಲು ತಾನೇ ತೀರ್ಮಾನಿಸಿದ. ಇಲ್ಲಿ ಕೆಲವರು ತಾಳಲಾರದೆ ಹೋದ ಎಂದರು. ಅಲ್ಲಿ ಕೆಲವರು, ನಾವು ಮೊದಲೇ ಹೇಳಿರಲಿಲ್ಲವೇ ಎಂದರು. ಇಬ್ಬರ ಮೇಲೂ ನನಗೆ ಸಿಟ್ಟಿದೆ. ರಷ್ಯಾದ ಕ್ಲಬ್ಬುಗಳು ಮೀಸೆ ಮೂಡದ ಹುಡುಗರಿಂದ ವರ್ಷಗಟ್ಟಲೆಯ ಕರಾರಿಗೆ ಸಹಿ ಹಾಕಿಸಿಕೊಳ್ಳುವುದನ್ನು ಬಿಡಬೇಕು. ಕೆನಡಾದ ತಂಡಗಳು ಹುಡುಗನನ್ನು ಕರೆತಂದರೆ ಅವನ ಭಾಷೆ ಬಲ್ಲ ಒಬ್ಬರನ್ನು ಸಂಬಳ ಕೊಟ್ಟು ಇಡಬೇಕು, ಬೆಂಚಿನ ಮೇಲೆ ಕೂರಿಸಿದ ಮಾರನೇ ದಿನ ಯಾಕೆಂದು ಅವನ ಮಾತಿನಲ್ಲೇ ಹೇಳಬೇಕು. ಮರಳಿ ಹೋಗುತ್ತೇನೆ ಎಂದವನಿಗೆ ಟಿಕೆಟ್ಟು ತೆಗೆಸಿಕೊಟ್ಟು, ಮುಂದಿನ ವರ್ಷ ಮತ್ತೆ ಬರುತ್ತೇನೆಂದರೆ ಜಾಗ ಇಟ್ಟಿರಬೇಕು.