ಕಾಕಾನ ಕೈಗಡ ಯಾವ ಖಾತೆಗೆ?

ನನ್ನ 13 ವರ್ಷದ ಲೆಕ್ಕವೆಲ್ಲ ಇದ್ದದ್ದು ಎಂದೋ ಸತ್ತುಹೋದ ಒಂದು ಸಾಫ್ಟ್‌ವೇರ್‌ನಲ್ಲಿ. ಮೈಕ್ರೋಸಾಫ್ಟ್ ಮನಿ ಅಂತ. 2009ರ ಜೂನ್ ಕೊನೆಗೆ ಕಂಪನಿ ಅದರ ಮಾರಾಟ ನಿಲ್ಲಿಸಿತು. ಮರುವರ್ಷ ‘ಸನ್‌ಸೆಟ್’ ಅಂತ ಹೆಸರಿಟ್ಟು ಕೊನೆಯ ಆವೃತ್ತಿಯನ್ನು ಪುಕ್ಕಟೆ ಬಿಟ್ಟಿತು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಪೈಕಿ ನಾನಲ್ಲ. 2012ರಲ್ಲಿ ಮೊದಲ ಸಂಬಳ ಬಂದ ವಾರವೇ ಹಾಕ್ಕೊಂಡೆ. ಆಫೀಸಿನಲ್ಲಿ ನನ್ನ ಕೆಲಸವೇ ಬೇರೆಯವರ ಹಳೇ ಸಿಸ್ಟಮ್ಮಿನ ಡೇಟಾವನ್ನು ಹೊಸದಕ್ಕೆ ಸಾಗಿಸೋದು. ಮನೇಲಿ ಮಾತ್ರ ಮುಳುಗಿದ ಸೂರ್ಯನ ಬೆಳಕಲ್ಲೇ ಲೆಕ್ಕ ಬರ್ಕೊಂಡು ಕೂತಿದ್ದೆ.

ಆ ಕಂಪ್ಯೂಟರ್ ಈಗ ಮುದನಾಳದ ಮನೆಯಲ್ಲಿದೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೊತ್ತುಕೊಂಡು ಹೋಗಿದ್ದು, ಅಲ್ಲೇ ಉಳೀತು. ಹೋದಾಗೊಮ್ಮೆ ಕೂತು ಮೂರ್ನಾಲ್ಕು ತಿಂಗಳ ಲೆಕ್ಕ ಏರಿಸೋದು ರೂಢಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು, ಆ ಹಳೇ ಪ್ರೊಸೆಸರ್ ಮೇಲೆ 11 ಕೂರಲ್ಲ. ಮರುವಾರವೇ ದೀಪಾವಳಿ. ಎಲ್ಲವನ್ನೂ ಗ್ನೂಕ್ಯಾಶ್‌ಗೆ ಸಾಗಿಸಿ ಹಳೇ ಡಬ್ಬಿಗೆ ಕೈಮುಗಿಯೋಣ ಅಂತ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಯಾದಗಿರಿಯಲ್ಲಿ ಇಳಿದೆ.

ಸಾಗಿಸೋದು ಕಷ್ಟವಲ್ಲ. ಮನಿಯಿಂದ ಕ್ಯೂಐಎಫ್ ಫೈಲ್ ತೆಗೀಬೇಕು. ಅದು ಬರೀ ಟೆಕ್ಸ್ಟ್: ಒಂದು ಸಾಲಿಗೆ ತಾರೀಕು, ಒಂದಕ್ಕೆ ಮೊತ್ತ, ಒಂದಕ್ಕೆ ಯಾರಿಗೆ, ಒಂದಕ್ಕೆ ಯಾವ ಬಾಬ್ತು. ಗ್ನೂಕ್ಯಾಶ್ ಅದನ್ನು ಓದಿ, 04/05 ಅಂದ್ರೆ ಏಪ್ರಿಲ್ಲೋ ಮೇ ತಿಂಗಳೋ ಅಂತ ನಮ್ಮನ್ನೇ ಕೇಳುತ್ತೆ. ತೊಡಕು ಬರೋದು ಆಮೇಲೆ. ಗ್ನೂಕ್ಯಾಶಿನದು ಎರಡು ಬದಿಯ ಲೆಕ್ಕ. 1494ರಲ್ಲಿ ಲೂಕಾ ಪಚೋಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ವಿವರಿಸಿದ್ದೇ ಇದು. ಹೊರಗೆ ಹೋದ ಪ್ರತಿ ರೂಪಾಯಿಯೂ ಎಲ್ಲೋ ಒಂದು ಕಡೆ ಹೋಗಿ ಸೇರಿರಲೇಬೇಕು. ‘ಹೋಯ್ತು ಬಿಡಿ’ ಅಂದ್ರೆ ಅದು ಕೇಳಲ್ಲ.

ಬಾಬ್ತು ಹಾಕದೆ ಬಿಟ್ಟಿದ್ದ ಸಾಲುಗಳನ್ನೆಲ್ಲ ಅದು ‘ಅನ್‌ಸ್ಪೆಸಿಫೈಡ್’ ಅಂತ ಒಂದು ಕಡೆ ಗುಡ್ಡೆ ಹಾಕಿತು. ಹೆಚ್ಚಿನವು ಚಿಲ್ಲರೆ. ಒಂದು ಮಾತ್ರ ದೊಡ್ಡದು: 2016ರ ಮೇ, ಕಾಕಾ, ಬೋರ್‌ವೆಲ್, 60,000.

ಆ ಬೋರಿನಲ್ಲಿ ನೀರು ಬರಲಿಲ್ಲ. ದುಡ್ಡೂ ವಾಪಸ್ ಬರಲಿಲ್ಲ. ನಾನು ಕೇಳಲಿಲ್ಲ, ಕಾಕಾ ಮಾತೆತ್ತಲಿಲ್ಲ. ಹಳೇ ಸಾಫ್ಟ್‌ವೇರೂ ನನ್ನ ಹಾಗೇ ಸುಮ್ಮನಿತ್ತು. ಹೊಸದು ಕೇಳ್ತು: ಇದು ಆಸ್ತಿಯೋ, ಖರ್ಚೋ? ಆಸ್ತಿ ಅಂದ್ರೆ ನಾನು ಇನ್ನೂ ವಸೂಲಿಗೆ ಕಾಯ್ತಿದ್ದೀನಿ ಅಂತ. ಬೆಂಗಳೂರಲ್ಲಿ ಕೂತು ತಿಂಗಳ ಕೊನೆಗೆ ‘ನನ್ನ ಒಟ್ಟು ಆಸ್ತಿ’ ನೋಡುವಾಗ ಕಾಕಾನ ಒಣಗಿದ ಬೋರೂ ಅದರಲ್ಲಿ ಸೇರಿರುತ್ತೆ. ಖರ್ಚು ಅಂದ್ರೆ ಕಾಕಾನ ಸಾಲ ಮನ್ನಾ, ಅದೂ ಅವನಿಗೇ ಹೇಳದೆ.

ಕಾನೂನು ಇದನ್ನು ನನಗಿಂತ ಸಲೀಸಾಗಿ ಬಗೆಹರಿಸುತ್ತೆ. 1963ರ ಲಿಮಿಟೇಶನ್ ಕಾಯ್ದೆ ಪ್ರಕಾರ ಇಂಥ ಕೈಗಡದ ವಸೂಲಿಗೆ ದಾವೆ ಹಾಕೋಕೆ 3 ವರ್ಷ ಗಡುವು. ನಡುವೆ ಬರವಣಿಗೆಯಲ್ಲಿ ಸಾಲ ಒಪ್ಪಿಕೊಂಡರೆ, ಇಲ್ಲಾ ಒಂದಿಷ್ಟು ತೀರಿಸಿದರೆ, ಗಡುವು ಹೊಸದಾಗಿ ಶುರು. ನನ್ನದು 2019ಕ್ಕೇ ಮುಗಿದಿತ್ತು. ಆದ್ರೆ ಅಲ್ಲೂ ಒಂದು ಸೂಕ್ಷ್ಮವಿದೆ: ಗಡುವು ಮೀರಿದರೆ ಕೋರ್ಟಿನ ಬಾಗಿಲು ಮುಚ್ಚುತ್ತೆ, ಸಾಲ ಸಾಯೋದಿಲ್ಲ. ಆಮೇಲೆ ಸಾಲಗಾರ ತಾನಾಗಿಯೇ ತಂದುಕೊಟ್ಟರೆ ಅದು ದಾನವಲ್ಲ, ಸಾಲದ ಮರುಪಾವತಿಯೇ.

ಈ ಸಲದ ಮಳೆಗೆ ಕಾಕಾನ ಹತ್ತಿ, ತೊಗರಿ ಎರಡೂ ನೀರಲ್ಲಿ ನಿಂತಿದ್ದವು. ಇನ್ನೇನು ಯೋಚನೆ ಅಂತ ಹಬ್ಬದ ದಿನ ಮಧ್ಯಾಹ್ನ ಆ ಸಾಲನ್ನು ‘ಕೊಡುಗೆ’ ಅನ್ನೋ ಖರ್ಚಿಗೆ ಹಾಕಿ ಸೇವ್ ಒತ್ತಿದೆ. ಮನಸ್ಸಿಗೆ ಹಿತವಾಯ್ತು. ನಿಜ ಹೇಳಬೇಕಂದ್ರೆ, ದೊಡ್ಡ ಮನುಷ್ಯ ಆದೆ ಅಂತಲೂ ಅನ್ನಿಸ್ತು.

ಸಂಜೆ ಲಕ್ಷ್ಮೀ ಪೂಜೆಗೆ ಊರಿನ ಅಂಗಡಿಗೆ ಹೋದಾಗ ಆ ಹಿತ ಸ್ವಲ್ಪ ಅಲುಗಾಡಿತು. ಆರನೇ ಕ್ಲಾಸಿನಲ್ಲಿದ್ದಾಗ ಇದೇ ಅಂಗಡಿಯಲ್ಲಿ ಕೂತು ಹೊಸ ಖಾತೆ-ಕಿರ್ದಿಗೆ ಹಳೇ ಉದ್ರಿ ಬಾಕಿಯನ್ನೆಲ್ಲ ಬರೆದುಕೊಟ್ಟಿದ್ದೆ. ನನ್ನ ಅಕ್ಷರ ದುಂಡಗಿದ್ದವು. ಸಾವಕಾರ್ರಿಗೆ ಕಣ್ಣು ಮಂಜಾಗಿತ್ತು. ನಾನು ಒಂದೊಂದೇ ಹೆಸರು ಓದಬೇಕು, ಅವರು ‘ಹೂಂ’ ಅಂದರೆ ಬರೀಬೇಕು. ಒಬ್ಬಾಕೆಯ ಹೆಸರು ಬಂದಾಗ, “ಅದು ಬ್ಯಾಡ, ಬಿಡು. ಗಂಡ ಹೋಗ್ಯಾನ ಆಕಿಂದು” ಅಂದರು. ಆಮೇಲೆ ದುಡಿಯೋಕೆ ಮುಂಬೈಗೆ ಹೋಗಿ ಐದು ವರ್ಷ ಊರಿಗೇ ಬರದ ಒಬ್ಬನ ಹೆಸರು. ಇದನ್ನೂ ಬಿಡಲಾ ಅಂತ ಕೇಳಿದೆ. “ಬರಿ, ಬರಿ. ಅವ ಬರ್ತಾನ. ಹೆಸರು ತಗದ್ರ ನಾಳಿ ಬಂದಾಗ ಅಂಗಡಿ ಮುಂದ ಹ್ಯಾಂಗ ನಿಲ್ತಾನ?”

ಸಾವಕಾರ್ರು ಸಂತರೇನಲ್ಲ. ಅವರ ಬಡ್ಡಿಯ ರುಚಿ ನಮ್ಮಪ್ಪನೂ ಕಂಡಿದ್ದಾನೆ. ಆದರೆ ವರ್ಷಕ್ಕೊಮ್ಮೆ ಪ್ರತಿ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ನಾವು ಆಫೀಸಿನಲ್ಲಿ ಲಕ್ಷಗಟ್ಟಲೆ ಸಾಲು ಸಾಗಿಸುವಾಗ ಒಂದು ಷರತ್ತು ಬರೆದುಬಿಡ್ತೀವಿ, ಬಾಬ್ತು ಖಾಲಿ ಇದ್ದದ್ದೆಲ್ಲ ‘ಇತರೆ’ಗೆ. ಯಾರ ಹೆಸರೂ ಕಣ್ಣಿಗೆ ಬೀಳಲ್ಲ.

ರಾತ್ರಿ ಕಾಕಾ ಬಂದ. ಹೋಳಿಗೆ ಉಂಡು, ಅಡಿಕೆ ಹಾಕ್ಕೊಂಡು, ಯಾರೂ ಕೇಳದೆ ಅವನೇ ಶುರು ಮಾಡಿದ.

“ತಮ್ಮಾ, ನಿಂದು ಅರವತ್ತು ಸಾವಿರ ನನ್ನ ತಲ್ಯಾಗ ಅದ. ಈ ವರ್ಷ ಮಳಿ ಕೆಡಿಸ್ತು. ಮುಂದಿನ ಸುಗ್ಗಿಗೆ ನೋಡಮು.”

“ಇರ್ಲಿ ಬಿಡು ಕಾಕಾ. ನಾ ಕೇಳೀನೇನು?”

“ನೀ ಯಾಕ ಕೇಳ್ತಿ? ನಾ ಕೇಳಿ ತಗೊಂಡೀನಿ. ಇನ್ನಾ ದುಡೀಲಕತ್ತೀನಿ, ಸತ್ತಿಲ್ಲ.”

ಕೊನೆಯ ಮಾತನ್ನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಮಧ್ಯಾಹ್ನ ನಾನು ಮಾಡಿದ್ದು ಅದನ್ನೇ ಅಲ್ವಾ? ಇವನ ಕೈಲಿ ಇನ್ನು ಆಗಲ್ಲ ಅಂತ ನಾನೊಬ್ಬನೇ ತೀರ್ಮಾನಿಸಿ ಅವನ ಹೆಸರು ತೆಗೆದಿದ್ದೆ. ಆಕೆಯ ಹೆಸರು ಬಿಟ್ಟ ಸಾವಕಾರ್ರಿಗೆ ಆಕೆಯ ಮನೆ ಸ್ಥಿತಿ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಫೋನಿನಲ್ಲಿ ಅಪ್ಪ ಹೇಳಿದ ಬೆಳೆಹಾನಿಯ ಸುದ್ದಿ, ಅಷ್ಟೇ.

ಕಾಕಾ ಹೋದ ಮೇಲೆ ಕಂಪ್ಯೂಟರ್ ಹಚ್ಚಿದೆ. ‘ಕೊಡುಗೆ’ ಅಳಿಸಿ, ಆಸ್ತಿಯ ಕೆಳಗೆ ‘ಕಾಕಾ – ಕೈಗಡ’ ಅಂತ ಖಾತೆ ತೆರೆದು 60,000 ಹಾಕಿದೆ. ಆಗ ಇನ್ನೊಂದು ನೆನಪಾಯ್ತು. ನನ್ನ ಲೆಕ್ಕ ಶುರುವಾಗೋದು 2012ರ ಮೊದಲ ಸಂಬಳದಿಂದ, ಆರಂಭದ ಶಿಲ್ಕು ಸೊನ್ನೆ ಅಂತ. ಅದು ಸುಳ್ಳು. 2008ರಲ್ಲಿ ಬಿಇಗೆ ಸೇರುವಾಗ ಅಪ್ಪನ ಹತ್ತಿರ ಫೀಗೆ 22,000 ಕಡಿಮೆ ಬಿದ್ದಿತ್ತು. ಕೊಟ್ಟಿದ್ದು ಕಾಕಾ, ತೊಗರಿ ಮಾರಿದ ದುಡ್ಡಲ್ಲಿ. ಯಾರೂ ಅದನ್ನು ಸಾಲ ಅಂದಿಲ್ಲ, ಎಲ್ಲೂ ಬರೆದಿಟ್ಟಿಲ್ಲ. 60ರಲ್ಲಿ 22 ಕಳೆದು 38 ಅಂತ ಬರೀಲಾ? ಹಾಗೆ ಮಾಡಿದರೆ ಅವನು ಪ್ರೀತಿಯಿಂದ ಕೊಟ್ಟಿದ್ದನ್ನು ಹದಿನೇಳು ವರ್ಷದ ನಂತರ ನಾನು ಸಾಲವಾಗಿ ತಿದ್ದಿದ ಹಾಗೆ. ಬರೀದೇ ಇದ್ದರೆ ಅವನದು ಮಾತ್ರ ಬಾಕಿ, ನನ್ನದೇನೂ ಇಲ್ಲ ಅನ್ನೋ ಹಾಗೆ.

ಕೊನೆಗೆ 2008ರ ಜುಲೈ ತಾರೀಕು ಹಾಕಿ, ಶಿಕ್ಷಣದ ಖರ್ಚು 22,000 ಅಂತ ಬರೆದೆ. ದುಡ್ಡು ಎಲ್ಲಿಂದ ಬಂತು ಅನ್ನೋ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿದೆ. ಹಾಗೆ ಬಿಟ್ಟರೆ ಗ್ನೂಕ್ಯಾಶ್ ತಾನೇ ‘ಇಂಬ್ಯಾಲೆನ್ಸ್-ಐಎನ್‌ಆರ್’ ಅನ್ನೋ ಖಾತೆ ತೆರೆದು ಅಲ್ಲಿಗೆ ತಳ್ಳುತ್ತೆ. ಬೆಂಗಳೂರಿಗೆ ವಾಪಸ್ ಬಂದು ಎಷ್ಟೋ ದಿನವಾಯ್ತು, ಫೈಲ್ ತೆರೆದಾಗಲೆಲ್ಲ ಪಟ್ಟಿಯಲ್ಲಿ ಅದು ಕಾಣುತ್ತೆ. ಇನ್ನೂ ಅಲ್ಲೇ ಇದೆ.