ನೀರು ಇಟ್ಟಿದ್ದೆನಲ್ಲ

*ಇಂದಿನ ಧಮ್ಮ ಚಿಂತನೆ*
*ವಿಷಯ: ಮೊದಲ ಶೀಲ ಮತ್ತು ಹಿತ್ತಲ ಕೋಳಿ*



ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಒಂದು ಕೋಳಿ ಸತ್ತಿತು. ಸತ್ತದ್ದು ನೀರಡಿಕೆಯಿಂದ. ನೀರು ತುಂಬಿದ ಬಾನಿ ಅದರಿಂದ ಎಂಟು ಹತ್ತು ಹೆಜ್ಜೆ ದೂರದಲ್ಲೇ ಇತ್ತು. ಇಷ್ಟು ಸಣ್ಣ ಸಂಗತಿಯನ್ನು ಗುಂಪಿನಲ್ಲಿ ಏನು ಬರೆಯುವುದು ಎಂದು ಇಷ್ಟು ದಿನ ಸುಮ್ಮನಿದ್ದೆ. ಆದರೆ ಪ್ರತಿ ಭಾನುವಾರ ಪಂಚಶೀಲ ತೆಗೆದುಕೊಳ್ಳುವಾಗ ಮೊದಲ ಶೀಲದ ಹತ್ತಿರ ಬಂದರೆ ಆ ಕೋಳಿ ನೆನಪಾಗುತ್ತದೆ. ಆದ್ದರಿಂದ ಇವತ್ತಿನ ಸರದಿ ನನ್ನದಾಗಿರುವಾಗ ಅದನ್ನೇ ಬರೆಯುತ್ತಿದ್ದೇನೆ.

ನಮ್ಮ ಕಲಬುರಗಿ ಸೀಮೆ ಮರುಭೂಮಿಯಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅದಕ್ಕೆ ಬಹಳ ದೂರವೂ ಅಲ್ಲ. 42, 43 ಡಿಗ್ರಿ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಸರ್ಕಾರವೇ ಈ ಎರಡು ತಿಂಗಳು ನಮ್ಮ ಭಾಗದ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ಎಂದು ಬದಲಿಸುತ್ತದೆ. ನಮ್ಮ ಮನೆಗೆ ಶಹಾಬಾದಿ ಪರಸಿ ಹಾಸಿದೆ, ಕೋಳಿ ಗೂಡನ್ನೂ ಅದೇ ಪರಸಿಯಿಂದ ಕಟ್ಟಿದ್ದೇವೆ. ಹಗಲಲ್ಲಿ ಕಾದ ಆ ಕಲ್ಲು ರಾತ್ರಿ ಹತ್ತರವರೆಗೂ ಶಾಖ ಬಿಡುತ್ತಿರುತ್ತದೆ.

ಕೋಳಿಗಳು ಅವ್ವನ ಕಾಲದಿಂದ ಬಂದವು. ಆಗ ಏಳು ಜವಾರಿ ಹೇಂಟೆ, ಒಂದು ಹುಂಜ ಇದ್ದವು. ಆ ಏಪ್ರಿಲ್‌ನಲ್ಲಿ ತಂಗಿಯ ಮನೆಯಿಂದ ಇನ್ನೊಂದು ಹೇಂಟೆ ಬಂತು. ಕುತ್ತಿಗೆಯಲ್ಲಿ ಪುಕ್ಕವೇ ಇಲ್ಲದ ಬೋಳು ಕುತ್ತಿಗೆಯ ಜಾತಿ. ಓಣಿಯ ಮಕ್ಕಳು ಅದನ್ನು ನೋಡಿ ನಗುತ್ತಿದ್ದರು.

ಅದು ಬಂದ ವಾರವೇ ನನಗೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕೆಲಸ ಬಿತ್ತು. ಹೆಂಡತಿ, ಮಗಳು ತವರಿಗೆ ಹೋಗಿದ್ದರು. ಅವ್ವ ಮದುವೆಗೆಂದು ಊರಿಗೆ ಹೋಗಿದ್ದಳು. ದಿನಾ ಬೆಳಿಗ್ಗೆ ಆರಕ್ಕೆ ಎದ್ದು, ಗೂಡಿನ ಪಕ್ಕ ಗೋಡೆ ಮೂಲೆಯಲ್ಲಿದ್ದ ಮಣ್ಣಿನ ಬಾನಿ ತೊಳೆದು, ತುಂಬಾ ನೀರು ಹಾಕಿ, ಕಾಳು ಚೆಲ್ಲಿ ಹೊರಡುತ್ತಿದ್ದೆ. ನೆರಳಿದ್ದದ್ದೂ ಅದೇ ಮೂಲೆಯಲ್ಲಿ. ನೆರಳಲ್ಲಿ ನೀರು ತಂಪಾಗಿರುತ್ತದೆ ಎಂದು ಯೋಚಿಸಿಯೇ ಅಲ್ಲಿ ಇಟ್ಟಿದ್ದೆ. ನಾಲ್ಕನೆಯ ದಿನ ಸಂಜೆ ಬಂದು ನೋಡಿದಾಗ ಬೋಳು ಕುತ್ತಿಗೆಯ ಕೋಳಿ ಬಾಗಿಲ ಕಡೆ ಮಣ್ಣಲ್ಲಿ ರೆಕ್ಕೆ ಹರಡಿ ಬಿದ್ದಿತ್ತು. ಬಾನಿಯಲ್ಲಿ ಇನ್ನೂ ಅರ್ಧ ನೀರಿತ್ತು.

ನನ್ನ ಬಾಯಿಂದ ಬಂದ ಮೊದಲ ಮಾತು: "ನೀರು ಇಟ್ಟಿದ್ದೆನಲ್ಲ!"

ಮರುದಿನ ಭಾನುವಾರ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹನ್ನೊಂದರಿಂದ ಎರಡರವರೆಗೆ ಕೋಳಿಗಳನ್ನು ನೋಡುತ್ತಾ ಕುಳಿತೆ. ಹತ್ತು ವರ್ಷದಿಂದ ಕೋಳಿ ಸಾಕಿದವನು ಅಷ್ಟು ಹೊತ್ತು ಅವುಗಳನ್ನು ನೋಡಿದ್ದು ಅದೇ ಮೊದಲು.

ಕೋಳಿಗೆ ಬೆವರು ಗ್ರಂಥಿ ಇಲ್ಲ. ಅದರ ಮೈಯ ಸಹಜ ಶಾಖವೇ 41, 42 ಡಿಗ್ರಿ. ಸುತ್ತಲಿನ ಗಾಳಿ ಅಷ್ಟೇ ಕಾದಾಗ ಶಾಖವನ್ನು ಹೊರಹಾಕಲು ಅದಕ್ಕೆ ಉಳಿಯುವುದು ಒಂದೇ ದಾರಿ: ಬಾಯಿ ತೆರೆದು ಏದುಸಿರು ಬಿಡುವುದು. ಪ್ರತಿ ಉಸಿರಿಗೂ ಒಳಗಿನ ತೇವ ಆವಿಯಾಗುತ್ತದೆ, ಹಾಗಾಗಿ ಸಾಮಾನ್ಯ ದಿನಕ್ಕಿಂತ ಎರಡು ಪಟ್ಟು, ಅದಕ್ಕೂ ಹೆಚ್ಚು ನೀರು ಬೇಕು. ನೀರಿಲ್ಲದೆ ಏದುಸಿರು ಬಿಡುವ ಕೋಳಿ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತಿರುತ್ತದೆ. ಬೋಳು ಕುತ್ತಿಗೆಯ ಕೋಳಿ ಪುಕ್ಕ ಕಡಿಮೆ ಇರುವುದರಿಂದ ಬಿಸಿಲನ್ನು ಉಳಿದವಕ್ಕಿಂತ ಚೆನ್ನಾಗಿ ತಡೆಯುತ್ತದೆ. ಅಂದರೆ ಬಿಸಿಲಿಗೇ ಸಾಯುವುದಾದರೆ ಮೊದಲು ಸಾಯಬೇಕಾದದ್ದು ಅದಲ್ಲ.

ಆ ಮೂರು ಗಂಟೆಯಲ್ಲಿ ಕಾರಣ ಕಂಡಿತು. ಕೆಂಪು ಹೇಂಟೆ ಮತ್ತು ಅದರ ಜೊತೆಯ ಇನ್ನೆರಡು ಬಾನಿಯ ಪಕ್ಕದ ನೆರಳಲ್ಲೇ ಕುಳಿತಿದ್ದವು. ಕುಡಿದು ಹೋಗಲಿಲ್ಲ, ಅಲ್ಲೇ ಕುಳಿತವು. ಬೇರೆಯವು ಬಂದರೆ ಕೆಲವಕ್ಕೆ ಜಾಗ ಬಿಟ್ಟವು, ಕೆಲವಕ್ಕೆ ಬಿಡಲಿಲ್ಲ. ಮೊನ್ನೆಯವರೆಗೆ ಕೊನೆಯಿಂದ ಎರಡನೆಯದಾಗಿದ್ದ ಬೂದು ಹೇಂಟೆ ಈಗ ಕೊನೆಯದು. ಅದು ಮೂರು ಸಲ ಬಾನಿಯ ಕಡೆ ಬಂತು. ಎರಡು ಸಲ ನೆತ್ತಿಗೆ ಕುಕ್ಕು ತಿಂದು ಓಡಿತು. ಮೂರನೆಯ ಸಲ ಕೆಂಪು ಹೇಂಟೆ ಕತ್ತೆತ್ತಿ ನೋಡಿತಷ್ಟೇ. ಬೂದು ಹೇಂಟೆ ಹಿಂದಿರುಗಿ ಬಿಸಿಲಲ್ಲಿ ನಿಂತಿತು.

ಸಂಜೆ ತಮ್ಮನಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ಅವನು ಹನ್ನೊಂದು ವರ್ಷದಿಂದ ಎಮಿರೇಟ್ಸ್‌ನ ಅಲ್ ಐನ್ ಹತ್ತಿರ ಒಂದು ಖರ್ಜೂರದ ತೋಟದಲ್ಲಿದ್ದಾನೆ. ಅದು ನಿಜವಾದ ಮರುಭೂಮಿ. ಅಲ್ಲಿ ತೋಟದ ಮಾಲೀಕರ ಕೋಳಿಗಳನ್ನು ನೋಡಿಕೊಳ್ಳುವವನು ಇವನೇ. ಅವನ ಉತ್ತರ ಕೂಡಲೇ ಬಂತು: "ಅಣ್ಣಾ, ನೀರು ಒಂದೇ ಕಡೆ ಇಟ್ಟಿದ್ದೇನು? ಹಂಗಾದ್ರ ಅದಕ್ಕ ನೀರು ಸಿಕ್ಕೇ ಇಲ್ಲ. ಮೂರು ಕಡೆ ಇಡು. ಒಂದರಿಂದ ಇನ್ನೊಂದು ಕಾಣಬಾರದು. ನೆರಳೂ ಮೂರು ಕಡೆ ಬೇಕು. ಹೊಸಾ ಕೋಳಿ ಯಾವಾಗಲೂ ಕಡೀಕ ಇರ್ತದ."

ಇಷ್ಟು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜ್ ಬಂತು. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಅವನು ಮೊದಲು ದುಡಿದ ಕಟ್ಟಡದ ಕೆಲಸದಲ್ಲೂ ಆ ಬಿಡುವು ತಪ್ಪದೆ ಸಿಗುತ್ತಿತ್ತಂತೆ. ಆದರೆ ಇದ್ದದ್ದು ಒಂದು ಗೋಡೆಯ ನೆರಳು. ಹಳಬರು ಮೊದಲೇ ಅಲ್ಲಿ ಕುಳಿತಿರುತ್ತಿದ್ದರು. ನೀರಿನ ಕ್ಯಾನ್ ಅವರ ನಡುವೆ ಇರುತ್ತಿತ್ತು. "ಯಾರೂ ಬ್ಯಾಡ ಅಂದಿಲ್ಲಣ್ಣಾ. ಆದ್ರ ನಡುವ ಹೋಗಿ ಕ್ಯಾನ್ ಎತ್ತಾಕ ನನಗ ಧೈರ್ಯ ಆಗ್ಲಿಲ್ಲ. ಒಂದು ತಿಂಗಳು ಲಾರಿ ಕೆಳಗ ಕುಂತೀನಿ." ಹನ್ನೊಂದು ವರ್ಷದಲ್ಲಿ ಅವನು ನನಗೆ ಇದನ್ನು ಹೇಳಿರಲಿಲ್ಲ.

ಬಂಧುಗಳೇ, ನನ್ನ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಇದು. ನಾನು ಆ ಕೋಳಿಯನ್ನು ಕೊಲ್ಲಲಿಲ್ಲ. ಹಾಗಾದರೆ ಮೊದಲ ಶೀಲ ಮುರಿಯಿತೇ, ಇಲ್ಲವೇ?

ಮಗಳು ವಾಪಸು ಬಂದ ಮೇಲೆ ಇದನ್ನು ಇನ್ನೂ ಗಟ್ಟಿ ಮಾಡಿ ಕೇಳಿದಳು: "ಅಪ್ಪಾಜಿ, ನೆಂಟರು ಬಂದ್ರ ನಾವೇ ಕೋಳಿ ಕೊಯ್ತೀವಿ. ಮತ್ತ ಇದೊಂದು ಸತ್ರ ಯಾಕಿಷ್ಟು ಬ್ಯಾಸರ?" ಎಂಟನೆಯ ತರಗತಿಯ ಹುಡುಗಿಗೆ ತಕ್ಷಣ ಉತ್ತರ ಕೊಡಲು ನನಗೆ ಆಗಲಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗ ತತ್ವ ಮತ್ತು ನಿಯಮ ಎಂಬ ಎರಡನ್ನು ಬೇರೆ ಮಾಡುತ್ತಾರೆ. ಬುದ್ಧರು ಅಹಿಂಸೆಯನ್ನು ನಿಯಮವಾಗಿ ಅಲ್ಲ, ತತ್ವವಾಗಿ ಕೊಟ್ಟರು ಎನ್ನುತ್ತಾರೆ. ಅಗತ್ಯಕ್ಕಾಗಿ ಕೊಲ್ಲುವುದು ಬೇರೆ, ಕೊಲ್ಲುವ ಇಚ್ಛೆಯಿಂದ ಕೊಲ್ಲುವುದು ಬೇರೆ ಎನ್ನುತ್ತಾರೆ. ಈ ಭಾಗವನ್ನು ನಾವು ಹಲವರು ಒಂದು ರಿಯಾಯಿತಿಯಂತೆ ಓದಿಕೊಂಡಿದ್ದೇವೆ. ಮಾಂಸ ತಿನ್ನಬಹುದು, ಬಾಬಾಸಾಹೇಬರೇ ಹೇಳಿದ್ದಾರೆ, ಮುಗಿಯಿತು. ನಾನೂ ಹಾಗೆಯೇ ಓದಿದ್ದೆ.

ಆ ಕೋಳಿ ಸತ್ತ ಮೇಲೆ ಅದೇ ಪುಟ ಬೇರೆ ರೀತಿ ಕಂಡಿತು. ನಿಯಮ ಸುಲಭ. ಕೊಲ್ಲಬೇಡ ಎಂದರೆ ಕೊಲ್ಲಲಿಲ್ಲ. ನೀರು ಇಡು ಎಂದರೆ ಇಟ್ಟೆ. ನಿಯಮದ ಪ್ರಕಾರ ನಾನು ನಿರಪರಾಧಿ. ತತ್ವ ಹಾಗೆ ಬಿಡುವುದಿಲ್ಲ. ಅದು ಹೇಗೆ ನಡೆಯಬೇಕೆಂಬ ತೀರ್ಮಾನವನ್ನು ನಮಗೇ ಬಿಡುತ್ತದೆ. ತೀರ್ಮಾನ ನನ್ನದಾದರೆ ಅದರ ಫಲದ ಹೊಣೆಯೂ ನನ್ನದು. ನೀರು ಇಟ್ಟೆಯಾ ಎಂದು ಅದು ಕೇಳುವುದಿಲ್ಲ. ಕುಡಿಯಿತಾ ಎಂದು ಕೇಳುತ್ತದೆ.

ಮಗಳಿಗೆ ಕೊನೆಗೆ ಹೇಳಿದ್ದು ಇಷ್ಟೇ: ಕೊಯ್ದ ಕೋಳಿಗೆ ನಾನು ಏನು ಮಾಡಿದೆ ಎಂದು ನನಗೆ ಗೊತ್ತಿರುತ್ತದೆ. ಈ ಕೋಳಿಗೆ ನಾಲ್ಕು ದಿನ ನಾನು ಏನು ಮಾಡುತ್ತಿದ್ದೆ ಎಂಬುದೇ ಗೊತ್ತಿರಲಿಲ್ಲ, ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ತಿನ್ನುವುದನ್ನು ನಾನು ಬಿಟ್ಟಿಲ್ಲ. ಬಿಟ್ಟವರನ್ನು ಗೌರವಿಸುತ್ತೇನೆ. ಆದರೆ ಈಗ ಪ್ರತಿ ಸಲ ಇದು ಅಗತ್ಯವೇ ಎಂದು ಕೇಳಿಕೊಳ್ಳುತ್ತೇನೆ. ಕೆಲವು ಸಲ ಹೌದು ಎಂಬ ಉತ್ತರ ಬರುವುದಿಲ್ಲ.

ಇದನ್ನು ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು ನಕ್ಕು, "ನೋಡ್ರಿ ಸರ್, ಕೋಳಿಯೊಳಗೂ ಮೇಲು ಕೀಳು ಅದ. ಪ್ರಕೃತಿನೇ ಹಂಗ ಮಾಡ್ಯದ" ಎಂದರು. ಈ ಮಾತನ್ನು ನಾವು ಬೇರೆ ಬೇರೆ ರೂಪದಲ್ಲಿ ಕೇಳಿಯೇ ಇದ್ದೇವೆ, ಆದ್ದರಿಂದ ಉತ್ತರ ಸ್ಪಷ್ಟವಾಗಿರಬೇಕು. ಕೋಳಿಗಳ ಈ ಕುಕ್ಕುವ ಕ್ರಮವನ್ನು 1920ರ ದಶಕದ ಆರಂಭದಲ್ಲೇ ನಾರ್ವೆಯ ಶೆಲ್ಡರುಪ್ ಎಬ್ಬೆ ಎಂಬ ವಿಜ್ಞಾನಿ ವಿವರಿಸಿದ್ದಾರೆ. ಅದು ಇರುವುದು ನಿಜ. ಆದರೆ ಅದು ಹುಟ್ಟಿನಿಂದ ಬರುವುದಿಲ್ಲ. ಇವತ್ತಿನ ಮೇಲಿನ ಕೋಳಿ ಕಾಯಿಲೆ ಬಿದ್ದರೆ ನಾಳೆ ಕೆಳಗೆ ಇಳಿಯುತ್ತದೆ. ಹೊಸದು ಬಂದರೆ ಕ್ರಮ ಮತ್ತೆ ಕಟ್ಟಿಕೊಳ್ಳುತ್ತದೆ. ತಾಯಿಯ ಸ್ಥಾನ ಮರಿಗೆ ಬರೆದಿಟ್ಟಿರುವುದಿಲ್ಲ. ಜಾತಿಯನ್ನು ಮನುಷ್ಯ ಕಟ್ಟಿದ್ದು, ಶಾಸ್ತ್ರ ಬರೆದು ಕಾಪಾಡಿದ್ದು. ಅದನ್ನು ಕೋಳಿಯ ತಲೆಗೆ ಕಟ್ಟುವುದು ಬೇಡ.

ಇನ್ನೊಂದು ಮಾತು. ಬೋಳು ಕುತ್ತಿಗೆಯ ಕೋಳಿಯನ್ನು ಕೊಂದದ್ದು ಕೆಂಪು ಹೇಂಟೆಯ ಸ್ವಭಾವವಲ್ಲ. ಅದು ಕೋಳಿ, ಅದರ ಬುದ್ಧಿ ಅಷ್ಟೇ. ನೀರು, ನೆರಳು ಎರಡನ್ನೂ ಒಂದೇ ಮೂಲೆಯಲ್ಲಿ ಇಟ್ಟವನು ನಾನು. ಪ್ರಕೃತಿ ಎಂದು ಹೇಳಿ ಕೈ ತೊಳೆದುಕೊಳ್ಳುವವರು ಬಾನಿ ಎಲ್ಲಿಡಬೇಕೆಂದು ತೀರ್ಮಾನಿಸುವ ಕೈಯನ್ನು ಮರೆಸುತ್ತಾರೆ.

ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಲಕ ಭೀಮರಾವ್ ಓದಿದ ಶಾಲೆಯಲ್ಲಿ ನಲ್ಲಿ ಇತ್ತು, ನೀರೂ ಇತ್ತು. ಜವಾನ ಬಂದು ತಿರುಗಿಸದಿದ್ದರೆ ಅವರಿಗೆ ನೀರಿಲ್ಲ. 1923ರಲ್ಲಿ ಮುಂಬೈ ಶಾಸನ ಪರಿಷತ್ತು ಎಸ್.ಕೆ. ಬೋಲೆ ಅವರ ಠರಾವನ್ನು ಒಪ್ಪಿತು, ಮರುವರ್ಷ ಮಹಾಡ್ ಪುರಸಭೆ ಚೌಡಾರ್ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಬರೆದುಕೊಂಡಿತು. ಕೆರೆ ತುಂಬಿತ್ತು, ಠರಾವೂ ಇತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಕುಡಿಯಬೇಕಾಯಿತು. ಅಲ್ಲಿಯವರೆಗೆ ಊರಿನ ದೊಡ್ಡವರು ಹೇಳಿಕೊಳ್ಳುತ್ತಿದ್ದುದು ನನ್ನ ಮಾತನ್ನೇ ಇರಬೇಕು: ನೀರು ಇಟ್ಟಿದ್ದೇವಲ್ಲ.

ಅಶೋಕ ಚಕ್ರವರ್ತಿಯ ಶಾಸನಗಳನ್ನು ಈ ದೃಷ್ಟಿಯಿಂದ ಓದಿ ನೋಡಿ. ಐದನೆಯ ಸ್ತಂಭ ಶಾಸನದಲ್ಲಿ ಹುಂಜಗಳ ಬೀಜ ತೆಗೆಯಬಾರದೆಂಬ ಮಾತಿದೆ. ಏಳನೆಯದರಲ್ಲಿ ದಾರಿಯುದ್ದಕ್ಕೂ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರ ನೆಡಿಸಿದ್ದು, ಬಾವಿ ತೋಡಿಸಿದ್ದು, ಅಲ್ಲಲ್ಲಿ ಅನೇಕ ನೀರಿನ ತಾಣಗಳನ್ನು ಮಾಡಿಸಿದ್ದು ಬರುತ್ತದೆ. ಒಂದು ದೊಡ್ಡ ಕೆರೆ ಕಟ್ಟಿಸಿ ಸುಮ್ಮನಾಗಲಿಲ್ಲ, ಅಂತರ ನೋಡಿ ಅಲ್ಲಲ್ಲಿ ಇಡಿಸಿದರು. ಕರುಣೆ ಮನುಷ್ಯರಿಗೆ ಸೀಮಿತ, ಮೈತ್ರಿ ಎಲ್ಲ ಜೀವಿಗಳಿಗೆ ಎಂದು ಬಾಬಾಸಾಹೇಬರು ವಿವರಿಸುತ್ತಾರೆ. ಆ ಮೈತ್ರಿಗೆ ಮನಸ್ಸು ಮೃದುವಾಗಿದ್ದರೆ ಸಾಲದು, ಹೀಗೆ ಜಾಗ ಲೆಕ್ಕ ಹಾಕುವ ಕೆಲಸವೂ ಬೇಕು.

ಈಗ ನಮ್ಮ ಹಿತ್ತಲಲ್ಲಿ ಮೂರು ಬಾನಿಗಳಿವೆ. ಒಂದು ಗೂಡಿನ ಮೂಲೆಯಲ್ಲಿ, ಒಂದು ಬೇವಿನ ಬುಡದಲ್ಲಿ, ಒಂದು ಬಚ್ಚಲ ಹಿಂದೆ ಜೋಳದ ಕಣಿಕೆಯ ಚಪ್ಪರದ ಕೆಳಗೆ. ಬೇಸಿಗೆಯಲ್ಲಿ ಕಾಳು ಬೆಳಗಿನ ಜಾವ ಮತ್ತು ಸಂಜೆ ಮಾತ್ರ, ಏಕೆಂದರೆ ತಿಂದದ್ದು ಅರಗುವಾಗ ಮೈ ಇನ್ನಷ್ಟು ಕಾಯುತ್ತದೆ. ಗೂಡಿನ ಪರಸಿಗೆ ಸುಣ್ಣ ಬಳಿದಿದ್ದೇವೆ. ಮಧ್ಯಾಹ್ನ ಅವ್ವ ಗೋಣಿಚೀಲ ನೆನೆಸಿ ಗೂಡಿನ ಬಾಯಿಗೆ ಇಳಿಬಿಡುತ್ತಾಳೆ. ನಮ್ಮದು ಒಣ ಗಾಳಿ, ಹಾಗಾಗಿ ಅದು ತಂಪು ಕೊಡುತ್ತದೆ. ಹೊಸ ಕೋಳಿ ತಂದರೆ ಮೊದಲ ವಾರ ಜಾಳಿಗೆಯೊಳಗೆ ಬೇರೆ ಇಟ್ಟು, ಪರಸ್ಪರ ನೋಡಿ ರೂಢಿಯಾದ ಮೇಲೆ ಬಿಡುತ್ತೇವೆ. ಕೆಂಪು ಹೇಂಟೆ ಈಗಲೂ ಕುಕ್ಕುತ್ತದೆ. ಬೂದು ಹೇಂಟೆ ಈಗಲೂ ಕೊನೆಯದೇ. ಆದರೆ ಬೇವಿನ ಬುಡದಲ್ಲಿ ಅದು ಕತ್ತೆತ್ತಿ ನಿಧಾನವಾಗಿ ನೀರು ಕುಡಿಯುವುದನ್ನು ದಿನಾ ನೋಡುತ್ತೇನೆ.

ತರಗತಿಯಲ್ಲೂ ಈಗ ಒಂದು ಬದಲಾವಣೆ. ಮೊದಲು ಪಾಠ ಮುಗಿಸಿ "ಅರ್ಥ ಆಯಿತಾ?" ಎಂದು ಇಡೀ ತರಗತಿಗೆ ಕೇಳುತ್ತಿದ್ದೆ. ಮುಂದಿನ ಬೆಂಚಿನವರು ಹೌದು ಎನ್ನುತ್ತಿದ್ದರು. ಈಗ ಹಿಂದಿನ ಬೆಂಚಿನವರೆಗೆ ನಡೆದು ಹೋಗಿ ಕೇಳುತ್ತೇನೆ.

*ಇಂದಿನ ಅಭ್ಯಾಸ:* ಮನೆಯಲ್ಲಿ, ಕೆಲಸದಲ್ಲಿ, ನಮ್ಮ ಸಂಘದಲ್ಲಿ "ಎಲ್ಲರಿಗೂ ಇದೆ" ಎಂದು ನಾವು ಅಂದುಕೊಂಡಿರುವ ಒಂದು ವಸ್ತುವನ್ನೋ ಅವಕಾಶವನ್ನೋ ಆರಿಸಿಕೊಳ್ಳೋಣ. ಹತ್ತು ನಿಮಿಷ ಸುಮ್ಮನೆ ಕುಳಿತು ಅದು ಯಾರಿಗೆ ತಲುಪುತ್ತಿಲ್ಲ ಎಂದು ನೋಡೋಣ. ಕಂಡರೆ ಇನ್ನೊಂದು ಬಾನಿ ಇಡೋಣ. ಮತ್ತು ಬೇಸಿಗೆ ಮುಗಿಯುವವರೆಗೆ ಅಂಗಳದಲ್ಲಿ, ಮಾಳಿಗೆಯ ಮೇಲೆ ಹಕ್ಕಿಗಳಿಗೂ ನೀರು ಇಡುವವರು ದಯವಿಟ್ಟು ಎರಡು ಕಡೆ ಇಡಿ.

ಎಲ್ಲರಿಗೂ ಒಳ್ಳೆಯದಾಗಲಿ.
ಜೈ ಭೀಮ್. ನಮೋ ಬುದ್ಧಾಯ. 🙏