ಅರಬ್ಬಿ ಸಮುದ್ರದ ಕ್ಷೇತ್ರಸಂನ್ಯಾಸಿಗಳು

ನಮ್ಮ ಮಾಳಮಡ್ಡಿ ಓಣಿಯಲ್ಲಿ ಸಂಕಲ್ಪವಿಲ್ಲದೆ ಯಾತ್ರೆಯಿಲ್ಲ. ಗೋದಾವರಿಯ ದಕ್ಷಿಣ ತೀರ, ಶಾಲಿವಾಹನ ಶಕೆ, ಸಂವತ್ಸರ, ತಿಥಿ, ಗೋತ್ರ ಎಲ್ಲ ಹೇಳಿ, ಕಡೆಗೆ ಏನು ಬೇಕಾಗಿದೆ ಎಂಬುದನ್ನೂ ಹೇಳಿ ನೀರು ಬಿಡಬೇಕು. ಹೀಗಾಗಿ ಡಾಲ್ಫಿನ್ ನೋಡಲು ನಾನು ಕಾರವಾರಕ್ಕೆ ಹೊರಟಾಗ ಓಣಿಯ ಆಚಾರ್ಯರು ಕೇಳಿದ್ದು ನ್ಯಾಯವೇ: "ಅಲ್ರೀ ಅಕ್ಕಾರ, ಇದಕ್ಕ ಏನಂತ ಸಂಕಲ್ಪ ಮಾಡ್ತೀರಿ?"

ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ ಘಟ್ಟ ಇಳಿದರೂ ಉತ್ತರ ಹೊಳೆಯಲಿಲ್ಲ.

ಕಾಳಿ ನದಿ ಸಮುದ್ರ ಸೇರುವಲ್ಲಿ ಬೋಟಿನವ ಇಂಜಿನ್ ಬಂದ್ ಮಾಡಿದ. ಆಚೆ ಕೂರ್ಮಗಡ ದ್ವೀಪ. ಜನವರಿಯಲ್ಲಿ ಅಲ್ಲಿನ ನರಸಿಂಹ ದೇವರ ಜಾತ್ರೆಗೆ ಜನ ಇದೇ ನೀರಿನ ಮೇಲೆ ಬೋಟು ಹತ್ತಿ ಹೋಗುತ್ತಾರೆ. ಅವರಿಗೆ ಹರಕೆಯಾದರೂ ಇರುತ್ತದೆ. ಬೂದುಬಣ್ಣದ ಬೆನ್ನೊಂದು ಎದ್ದು ಮುಳುಗಿತು, ಹಿಂದೆಯೇ ಇನ್ನೊಂದು. ಎಲ್ಲರೂ ಮೊಬೈಲ್ ಎತ್ತಿದರು. ನಾನು ಕೈ ಮುಗಿದಿದ್ದೆ, ಅಭ್ಯಾಸಬಲ. ಯಾರಿಗೆ ಮುಗಿದೆ? ಮಧ್ವಮತದಲ್ಲಿ ಜೀವ ಜೀವಕ್ಕೂ ಭೇದ, ಮೋಕ್ಷದಲ್ಲೂ ಅದು ಅಳಿಯದು. ಆ ಡಾಲ್ಫಿನ್ನೂ ನಾನೂ ಒಂದೇ ಎಂದು ಕರಗಿಹೋಗುವ ಸೌಲಭ್ಯ ನನಗಿಲ್ಲ. ನನ್ನಿಂದ ಅದಕ್ಕೇನೂ ಆಗಬೇಕಿಲ್ಲ, ಅದರಿಂದ ನನಗೂ ಇಲ್ಲ. ಆದರೂ ನೋಡಬೇಕಿತ್ತು.

ನಿಜ ಹೇಳಬೇಕೆಂದರೆ, ಕಂಡ ಡಾಲ್ಫಿನ್ನಿಗಿಂತ ಕಾಣದ ತಿಮಿಂಗಿಲವೇ ನನ್ನನ್ನು ಹೆಚ್ಚು ಕಾಡಿದ್ದು. ಬೇರೆ ಕಡಲುಗಳ ಗೂನುಬೆನ್ನಿನ ತಿಮಿಂಗಿಲಗಳು ಹೊಟ್ಟೆಗಾಗಿ ಧ್ರುವದ ಕಡೆಗೆ, ಮರಿ ಹಾಕಲು ಬೆಚ್ಚನೆಯ ನೀರಿಗೆ ಪ್ರತಿವರ್ಷ ಸಾವಿರಾರು ಕಿಲೋಮೀಟರ್ ಹೋಗಿ ಬರುತ್ತವೆ. ಅರಬ್ಬಿ ಸಮುದ್ರದವು ಮಾತ್ರ ವರ್ಷವಿಡೀ ಇಲ್ಲಿಯೇ. ನಮಗೆ ಮಳೆ ತರುವ ನೈಋತ್ಯ ಮಾರುತವೇ ಒಮಾನಿನ ದಂಡೆಯ ಮೇಲ್ನೀರನ್ನು ಸರಿಸಿ ಆಳದ ತಣ್ಣೀರನ್ನು ಮೇಲಕ್ಕೆ ತರುತ್ತದೆ; ಮೀನು ಹುಲುಸಾಗುತ್ತದೆ, ಅವು ಹೊಟ್ಟೆಗಾಗಿ ದೂರ ಹೋಗಬೇಕಿಲ್ಲ. 1965 ಮತ್ತು 1966ರಲ್ಲಿ ಸೋವಿಯತ್ ಹಡಗುಗಳು ಈ ತಿಮಿಂಗಿಲಗಳಲ್ಲಿ 242ನ್ನು ಕೊಂದವು. ಒಮಾನಿನ ಕಡೆ ಈಗ ಇರುವುದು ನೂರರೊಳಗೆ ಎಂದು ಅಂದಾಜು.

ಊರಿಗೆ ಮರಳಿ ಇದನ್ನು ಹೇಳಿದಾಗ, "ಹಂಗಾರ ಅವು ಕ್ಷೇತ್ರಸಂನ್ಯಾಸ ತಗೊಂಡಾವ ಅನ್ರಿ," ಅಂದರು ಆಚಾರ್ಯರು. ಕಾಶಿ ಸೇರಿದ ಮೇಲೆ ಅದರ ಎಲ್ಲೆ ದಾಟೆವು ಎಂದು ವ್ರತ ತೊಟ್ಟವರಿದ್ದಾರಲ್ಲ, ಹಾಗೆ. ಮಾತು ಹಿಡಿಸಿತು, ಪೂರ್ತಿ ಒಪ್ಪಲಿಲ್ಲ. ಕೂತಲ್ಲೇ ಕೂತವನಿಗೆ ಯಾರಾದರೂ ಭಿಕ್ಷೆ ತಂದು ನೀಡಬೇಕು. ಕ್ಷೇತ್ರ ಬಿಡದವನ ಪುಣ್ಯದಲ್ಲಿ ಆ ಓಡಾಡುವವರ ಪಾಲೆಷ್ಟು ಎಂದು ಯಾರೂ ಲೆಕ್ಕ ಇಡುವುದಿಲ್ಲ. ತಿಮಿಂಗಿಲದ ಮನೆಗೆ ಗಾಳಿ ಓಡಾಡುತ್ತದೆ, ಅಷ್ಟೇ.

ಆಮೇಲೆ ಅವರಿಗೆ ಲುಬಾನಳ ಕಥೆ ಹೇಳಿದೆ. ಒಮಾನಿನ ಮಸೀರಾ ಕೊಲ್ಲಿಯ ಹೆಣ್ಣು ತಿಮಿಂಗಿಲ. 2017ರ ನವೆಂಬರಿನಲ್ಲಿ ಅವಳಿಗೆ ಉಪಗ್ರಹದ ಟ್ಯಾಗ್ ಹಾಕಿದ್ದರು. ಅವಳು ಇಡೀ ಕಡಲನ್ನು ಅಡ್ಡ ಹಾಯ್ದು ನಮ್ಮ ಪಶ್ಚಿಮ ಕರಾವಳಿಗೆ ಬಂದು, ದೇಶದ ದಕ್ಷಿಣ ತುದಿಯವರೆಗೆ ಇಳಿದಳು.

"ಹೊಟ್ಟೀಗೆ ಬಂದಿರಬೇಕು ಬಿಡ್ರಿ."

ಇರಬಹುದು. ಆದರೆ ಫಲ ಬೇಕಾದವರಷ್ಟೇ ಹೊರಡುತ್ತಾರೆ ಎಂಬುದನ್ನು ನಾನು ಒಪ್ಪಲಾರೆ. ವಾದ ಇನ್ನೂ ಮುಗಿದಿಲ್ಲ. ಬರುವ ಜನವರಿಗೆ ನರಸಿಂಹ ದೇವರ ನೆಪ ಹೇಳಿ ಆಚಾರ್ಯರನ್ನೂ ಬೋಟು ಹತ್ತಿಸಬೇಕೆಂದಿದ್ದೇನೆ.